ಹನ್ನೊಂದು ಹೆಸರುಗಳು

ಯುಟ್ರೆಕ್ಟ್, ಏಪ್ರಿಲ್ ೨೦೨೦

ಅಪ್ಪಾಜಿಗೆ ನಮಸ್ಕಾರಗಳು.

ಜ್ವರ ಇಳಿದಿದೆ, ಊಟ ಸೇರುತ್ತಿದೆ. ಲಾಕ್‌ಡೌನ್ ಆದಾಗಿನಿಂದ ಕೋಣೆಯಲ್ಲೇ ಕೂತು, ಈಥನ್ ವಿಲ್ಕಾಕ್ಸ್ ಎಂಬ ಹಳೆಯ ಕಾಲದ ಅಮೆರಿಕನ್ ಸೈನಿಕನ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಅವನ ಪಡೆಯ ಹನ್ನೊಂದು ಜನ ಸಿಡುಬಿನಿಂದ ಸತ್ತರು. ಮುಂದೆ ಶಾಸಕನಾದ ಮೇಲೂ ಪ್ರತಿ ಭಾಷಣಕ್ಕೆ ಮೊದಲು ಅವರ ಹಾಜರಿ ಕೂಗುತ್ತಿದ್ದನಂತೆ.

ಸೋಮವಾರ ನಾನೂ ಆ ಹೆಸರುಗಳನ್ನು ಗಟ್ಟಿಯಾಗಿ ಓದಿದೆ. ಒಂದೊಂದಕ್ಕೂ ಪಕ್ಕದ ಕೋಣೆಯಿಂದ "ಹಿಯರ್" ಎಂದು ಉತ್ತರ ಬಂತು. ಆ ಕೋಣೆಯ ಕಿಶನ್ ಮಾರ್ಚ್‌ನಲ್ಲೇ ಮೈಸೂರಿಗೆ ಹೋಗಿದ್ದಾನೆ. ಓದುವುದನ್ನು ಬಿಟ್ಟೆ. ಇವತ್ತು ಬೆಳಿಗ್ಗೆ ಆ ಕೋಣೆಯೊಳಗೇ ಯಾರೋ ಹಾಜರಿ ಕೂಗಿದರು. ಹನ್ನೆರಡನೆಯ ಹೆಸರು ನನ್ನದು. ನಾನು ಉತ್ತರಿಸಲಿಲ್ಲ.

ದಿನಾ ಬೆಳಿಗ್ಗೆ ಫೋನ್ ಮಾಡಿ, "ಹಿತಾ" ಅಂತ ನೀವೇ ಒಮ್ಮೆ ಕೂಗಿ. "ಇದೀನಿ ಅಪ್ಪಾಜಿ" ಅಂತ ನಾನು ನಿಮಗೇ ಹೇಳಬೇಕು.

ನಿಮ್ಮ ಮಗಳು,
ಹಿತಾ