ಗಾಜಿನ ತೊಟ್ಟಿಯ ಗಿಡ

ಸರೋವರದ ಕಚೇರಿ
ಶುಕ್ರವಾರ, ಸೆಪ್ಟೆಂಬರ್ ೧೨

ಮೀನಿನ ಯಜಮಾನರಿಗೆ,

ನಾಲ್ಕು ವರ್ಷದ ಮೇಲೆ ಹೆಂಡತಿಯ ಪತ್ರ ಬಂತೆಂದು ಹುಬ್ಬೇರಿಸಬೇಡಿ. ಜಗಳಕ್ಕಲ್ಲ, ಬೇಡಿಕೊಳ್ಳಲು ಬರೆಯುತ್ತಿದ್ದೇನೆ.

ನೀವು ಮನೆ ಬಿಟ್ಟಾಗ ನಿಮ್ಮ ಗಾಜಿನ ತೊಟ್ಟಿ, ಎಂಟು ಮೀನು, ಬಳ್ಳಿಯಂಥ ಆ ನೀರುಗಿಡ ನನ್ನ ಪಾಲಿಗೆ ಬಂದವು. ಬೆಳಗ್ಗೆದ್ದು ಅವನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಸಾಯಿಸಲು ಕೈ ಬರಲಿಲ್ಲ. ಒಂದು ಸಂಜೆ ಬಕೆಟ್ಟಿಗೆ ಸುರಿದುಕೊಂಡು ಹೋಗಿ ಎಲ್ಲವನ್ನೂ ಸರೋವರಕ್ಕೆ ಬಿಟ್ಟೆ. ಈ ರಕ್ಷಿತ ಬೆಟ್ಟದಲ್ಲಿ ಹದಿನೆಂಟು ವರ್ಷ ಗಿಡ ಎಣಿಸಿದವಳು, ‘ಹೊರಗಿನ ಗಿಡ ತರಬೇಡಿ’ ಎಂದು ಫಲಕ ಬರೆಸಿದವಳು, ನಾನೇ.

ಮರುವರ್ಷ ಜೊಂಡಿನ ಬುಡದಲ್ಲಿ ಆ ಗಿಡ ಕಂಡಿತು. ಯಾರಿಗೂ ಹೇಳದೆ ದಿನವೂ ಕಿತ್ತೆ. ತುಂಡಾದ ಒಂದೊಂದು ಗೆಣ್ಣೂ ಬೇರು ಬಿಡುತ್ತದೆಂದು ಗೊತ್ತಿದ್ದೂ ಹುಚ್ಚಿಯ ಹಾಗೆ ಕಿತ್ತೆ. ಈಗ ಅದು ಸರೋವರವೆಲ್ಲ ಹಬ್ಬಿ ತಳದ ಸೂಜಿಹುಲ್ಲು ಬಿಸಿಲು ಕಾಣದೆ ಕೊಳೆತಿದೆ, ಜೊಂಡು ಹಿಂದೆ ಸರಿದಿದೆ. ನಿಮಗಿಷ್ಟವಾಗಿದ್ದ ಬಿಳಿ ನೈದಿಲೆ ಈ ವರ್ಷ ಬಿಟ್ಟದ್ದು ಮೂರೇ ಹೂವು. ದಡದ ಮೇಲಿನ ಕಾಡು ಏನೂ ಆಗದವರ ಹಾಗೆ ನಿಂತಿದೆ. ಅತ್ತ ನೋಡಲೂ ನನಗೆ ನಾಚಿಕೆ.

ತಪ್ಪನ್ನು ನಮ್ಮ ದೋಣಿಯವನ ತಲೆಗೆ ಕಟ್ಟಿದ್ದಾರೆ. ಬೇರೆ ಕೆರೆಯಿಂದ ತಂದ ದೋಣಿಯನ್ನು ತೊಳೆಯದೆ ಇಳಿಸಿದನಂತೆ. ತಿಂಗಳ ಕೊನೆಗೆ ಅವನ ಕೆಲಸ ಹೋಗುತ್ತದೆ. ನಿನ್ನೆ ಸಾಹೇಬರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ನಕ್ಕುಬಿಟ್ಟರು. “ಅವನ ಮೇಲಿನ ಕನಿಕರಕ್ಕೆ ಏನೇನೋ ಹೇಳ್ಬೇಡಿ ಮೇಡಂ. ನೀವು ಹಾಗೆ ಮಾಡೋರಾ? ಮನೆಗೆ ಹೋಗಿ ರೆಸ್ಟ್ ತಗೊಳ್ಳಿ” ಎಂದರು. ಇಷ್ಟು ವರ್ಷ ಸಂಪಾದಿಸಿದ ಹೆಸರೇ ಈಗ ಅಡ್ಡ ನಿಂತಿದೆ. ಬಾಯಿ ಬಡಿದುಕೊಂಡರೂ ಯಾರೂ ನಂಬುತ್ತಿಲ್ಲ.

ತೊಟ್ಟಿಯ ಮುಂದೆ ನೀವು ಹಲ್ಲು ಕಿರಿದು ನಿಂತ ಫೋಟೊ ನಿಮ್ಮ ಬಳಿ ಇದೆ. ಅದರಲ್ಲಿ ಗಿಡ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಕಳಿಸಿ, ಜೊತೆಗೆ ತೊಟ್ಟಿಯನ್ನು ನನ್ನ ಬಳಿ ಬಿಟ್ಟುಹೋದೆ ಎಂದು ನಾಲ್ಕು ಸಾಲು ಬರೆದುಕೊಡಿ. ನನ್ನನ್ನು ಉಳಿಸಲು ಹೋಗಬೇಡಿ, ನಿಮ್ಮ ದಮ್ಮಯ್ಯ.

ಇಂತಿ,
ತೊಟ್ಟಿ ಖಾಲಿ ಮಾಡಿದವಳು

ತಾ.ಕ.: ಇವತ್ತು ದೋಣಿಯವನ ಮನೆಗೆ ಕ್ಷಮೆ ಕೇಳಲು ಹೋಗಿದ್ದೆ. ಆ ಸಂಜೆ ನಾನು ಬಕೆಟ್ ಸುರಿದದ್ದನ್ನು ಅವನು ದೋಣಿಯಿಂದಲೇ ನೋಡಿದ್ದನಂತೆ. ಮತ್ತೆ ಯಾಕಪ್ಪಾ ಬಾಯಿ ಬಿಡಲಿಲ್ಲ ಎಂದು ಕೇಳಿದೆ. “ನೀವು ಅವತ್ತು ಅಳ್ತಿದ್ರಿ ಅಕ್ಕಾ. ಅದನ್ನ ಹೋಗಿ ಯಾರ ಹತ್ರ ಹೇಳ್ಲಿ?” ಎಂದ.