ನೂರಕ್ಕೆ ಮೂರು

ಅಕ್ಟೋಬರ್ ೧೪, ಸೋಮವಾರ

ನೂರಕ್ಕೆ ಮೂರು. ಬೆಳಿಗ್ಗೆಯಿಂದ ತಲೆಯಲ್ಲಿ ಅದೇ ಕೊರೀತಿದೆ. ಹೊಸ ಸಮೀಕ್ಷೆ ಪ್ರಕಾರ, ದೇಶದ ಅಧ್ಯಕ್ಷರ ಚುನಾವಣೆಗೆ ಪಕ್ಷದ ಟಿಕೆಟ್ ಕೇಳ್ತಿರುವ ನಮ್ಮ ಹಾಲ್ಗ್ರೆನ್‌ಗೆ ಈ ಅಯೋವಾ ರಾಜ್ಯದಲ್ಲಿ ನೂರಕ್ಕೆ ಮೂರು ಜನರ ಬೆಂಬಲವಂತೆ, ಅದೇ ಟಿಕೆಟ್ಟಿಗೆ ಪೈಪೋಟಿ ಮಾಡ್ತಿರುವ ಆ ಗವರ್ನರಿಗೆ ನಲವತ್ತಂತೆ. ಪ್ರಚಾರದ ಹುಡುಗಿ ಟೆಸ್ ಫೋನಿನಲ್ಲಿ ಅತ್ತೇಬಿಟ್ಟಳು.

"ನಮ್ಮೂರ ಆಫೀಸು ಮುಚ್ಚಿಬಿಡ್ತಾರಂತೆ, ಲವೋನ್ ಆಂಟಿ."

"ಮುಚ್ಚಲಿ ಬಿಡೇ. ನನ್ನ ಅಡುಗೆಮನೆ ಇಲ್ವಾ?"

ಸಂಜೆ ಪಕ್ಕದ ಮನೆ ವರ್ಲಿನ್ ಬೇಲಿಗೆ ಒರಗಿ ಬೀಗುತ್ತಿದ್ದ. "ಸಮೀಕ್ಷೆಯವರು ನಂಗೇ ಫೋನ್ ಮಾಡಿದ್ರು ಕಣೇ. ಗವರ್ನರ್ ಅಂದ್ಬಿಟ್ಟೆ."

"ಅವನಲ್ಲಿ ಅಂಥಾದ್ದೇನು ಕಂಡ್ಯೋ?"

"ಏನೂ ಇಲ್ಲ. ಊಟ ಆರ್ತಿತ್ತು, ಬಾಯಿಗೆ ಬಂದದ್ದು ಅದೊಂದೇ ಹೆಸರು."

"ಫೆಬ್ರವರೀಲಿ ಪಕ್ಷದ ಆಯ್ಕೆ ಸಭೆಗೆ ಅಂತ ಶಾಲೆ ಜಿಮ್ಮಿಗೆ ಬಂದಾಗ ಯಾರ ಮೂಲೇಲಿ ನಿಲ್ತೀಯ?"

ಗದ್ದ ಕೆರೆದುಕೊಂಡ. "ಮಾರ್ಲಿಸ್ ಎಲ್ಲಿ ನಿಲ್ತಾಳೋ ಅಲ್ಲಿ. ಇಲ್ಲಾಂದ್ರೆ ಆ ಹಿಮದಲ್ಲಿ ನಡ್ಕೊಂಡೇ ಮನೆಗೆ ಬಾ ಅಂತಾಳೆ ನನ್ನ ಹೆಂಡ್ತಿ."

ಇದು ಆ ಸಮೀಕ್ಷೆಯವರಿಗೆ ಯಾವತ್ತಿಗೂ ತಿಳಿಯಲ್ಲ. ಇಲ್ಲಿ ಗುಟ್ಟಾಗಿ ಚೀಟಿ ಹಾಕಿ ಜಾರಿಕೊಳ್ಳುವ ಹಾಗಿಲ್ಲ. ಹೆಂಡತಿ, ನೆರೆಯವರು, ಹಲ್ಲಿನ ಡಾಕ್ಟರು, ಎಲ್ಲರ ಕಣ್ಣೆದುರು ನಡೆದುಹೋಗಿ ತನಗೆ ಬೇಕಾದ ಅಭ್ಯರ್ಥಿಯ ಮೂಲೆಯಲ್ಲಿ ನಿಲ್ಲಬೇಕು. ಗುಂಪಿಗೆ ಜನ ಸಾಲದಿದ್ದರೆ ಅದನ್ನು ಬಿಟ್ಟು ಬೇರೆಯವರ ಮೂಲೆಗೆ ಹೋಗಬೇಕು. ಊಟದ ನಡುವೆ ಫೋನಿಗೆ ಎಸೆದ ಹೆಸರು ಫೆಬ್ರವರಿವರೆಗೆ ಬಾಳುತ್ತಾ?

ಮಾರ್ಲಿಸ್ ಯಾರ ಕಡೆ? ಅವಳನ್ನು ಯಾರೂ ಕೇಳಿಲ್ಲ. ನಾಳೆ ಸೇಬಿನ ಪೈ ಹಿಡಿದುಕೊಂಡು ನಾನೇ ಹೋಗ್ತೀನಿ. ನನ್ನ ಪೈ ತಿಂದು ಇಲ್ಲ ಅಂದವಳಲ್ಲ ಅವಳು. ಗವರ್ನರಿನ ನಲವತ್ತರಲ್ಲಿ ಒಬ್ಬ ಆಗಲೇ ನಮ್ಮವನಾದ ಹಾಗೆ. ಅವನಿಗಿನ್ನೂ ಗೊತ್ತಿಲ್ಲ, ಅಷ್ಟೇ.

ಕಣ್ಣು ಎಳೀತಿದೆ. ಪೈಗೆ ಸೇಬು ಇನ್ನೂ ಹೆಚ್ಚಿಟ್ಟಿಲ್ಲ...