ಹಸಿರು ಸ್ವೆಟರು

ಅಮ್ಮಾ, ನೀನು ಹೆಣೆದುಕೊಟ್ಟ ಹಸಿರು ಸ್ವೆಟರನ್ನು ಇವತ್ತು ಕ್ಯಾಮೆರಾ ಮುಂದೆ ಹಾಕಿಕೊಂಡೆ!

ನಮ್ಮೂರು ಕಾಂಕಾರ್ನೋದ ಬಂದರಿನಲ್ಲೇ ಶೂಟಿಂಗು. ಇಷ್ಟು ಸಿನಿಮಾಗಳಲ್ಲಿ ರಾಣಿಯಾದೆ, ಕೊಲೆಗಾತಿಯಾದೆ, ಸಂನ್ಯಾಸಿನಿಯಾದೆ. ಈಗ ಮೀನಿನ ಕಾರ್ಖಾನೆಯ ಮುದುಕಿ, ಅಂದರೆ ನೀನೇ! ಮೇಕಪ್ಪಿನ ಯುಗೆಟ್ ನನ್ನನ್ನು ಕಂಡವಳೇ ಬ್ರಷ್ ಕೆಳಗಿಟ್ಟಳು.

"ಅಯ್ಯೋ ಅರ್ಮೆಲ್, ಹಸಿರಾ? ನಟಿಯರಿಗೆ ಹಸಿರು ಅಪಶಕುನ ಅಂತ ನಿನಗೆ ನಾನು ಹೇಳ್ಬೇಕಾ? ತಲೆ ಮೇಲೆ ಲೈಟು ಬೀಳತ್ತೆ, ತೆಗಿ!"

"ಬಿದ್ರೆ ಬೀಳ್ಲಿ ಬಿಡೇ. ಮೊದಲನೇ ಸಿನಿಮಾಕ್ಕೆ ಅಂತ ಪ್ಯಾರಿಸ್ಸಿಗೆ ಹೊರಟಾಗ ಅಮ್ಮ ಕೊಟ್ಟಿದ್ದು. ಅವಳಿಗೆ ಶಕುನಗಿಕುನ ಏನು ಗೊತ್ತು? ಸಮುದ್ರದ ಬಣ್ಣ ಅಂದ್ಕೊಂಡು ಹೆಣೆದಳು."

"ಆಗಿನದಾ! ಮತ್ತೆ ಇಷ್ಟು ಹೊಸದಾಗಿದ್ಯಲ್ಲೇ, ಹಾಕೇ ಇಲ್ವಾ?"

ನಾನು ಬಗ್ಗಿ ಗುಂಡಿ ಹಾಕಿಕೊಂಡೆ.

ಮೀನಿನ ತಲೆ ಚಿವುಟಿ ಡಬ್ಬಿಯಲ್ಲಿ ಜೋಡಿಸುವ ದೃಶ್ಯ. ಹೇಗೆ ಓಡಿತು ಗೊತ್ತೇ ಕೈ! ನೋಡಲು ಬಂದಿದ್ದ ನಿನ್ನ ಕಾರ್ಖಾನೆಯ ಹೆಂಗಸರು, "ಲೇ, ಇವಳು ಸ್ವಾಜಿಕ್‌ಳ ಮಗಳೇ ಕಣ್ರೇ!" ಎಂದು ಕೂಗಿಬಿಟ್ಟರು. ಮೊದಲ ಟೇಕೇ ಓಕೆ. ಲೈಟು ಬೀಳಲಿಲ್ಲ. ನಿರ್ದೇಶಕಿ ಲಿಜೋನ್, ಇನ್ನೂ ಚಿಕ್ಕ ಹುಡುಗಿ, ಓಡಿಬಂದು ತಬ್ಬಿಕೊಂಡಳು.

"ಈ ಸ್ವೆಟರ್ ಹೆಣೆದೋರು ಯಾರು ಮೇಡಂ? ಉಡುಪು ಮಾಡಿದವರ ಜೊತೆ ಅವರ ಹೆಸರೂ ತೆರೆ ಮೇಲೆ ಬರ್ಬೇಕು."

ನಿನ್ನ ಪೂರ್ತಿ ಹೆಸರು ಹೇಳಿದೆ, ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವ ಹಾಗೆ.

ಮೊದಲ ಪ್ರದರ್ಶನ ಇಲ್ಲಿನ ಟಾಕೀಸಿನಲ್ಲೇ ಅಮ್ಮಾ. ನನ್ನ ಪಕ್ಕದ ಸೀಟು ನಿನಗೇ ಅಂತ ಹೇಳಿಟ್ಟಿದ್ದೇನೆ. ಯುಗೆಟ್, "ಸತ್ತವರಿಗೂ ಸೀಟಾ?" ಎಂದು ನಕ್ಕಳು. ನಗಲಿ. ಹಿಂದಿನ ಯಾವ ಪ್ರದರ್ಶನಕ್ಕೂ ನಿನ್ನನ್ನು ಕರೆಯಲಿಲ್ಲ. ಈ ಸಲ ನಾನು ಕರೆಯುತ್ತಿದ್ದೇನೆ, ಬಾ.